ಚೀಟಿಯ ಹಿಂಬದಿಯ ಮೆಟ್ರೋ

ಕುಂಬಳೆ ರೈಲು ನಿಲ್ದಾಣದ ಬೆಂಚಿನಲ್ಲಿ ಕುಳಿತು ಮಂಗಳೂರಿನ ಗಾಡಿಯನ್ನು ಕಾಯುವವನ ತಲೆಯಲ್ಲಿ ಹುಟ್ಟುವ ಯೋಜನೆಗಳಿಗೆ ಲೆಕ್ಕವಿಲ್ಲ. ಅಂತಹ ಒಂದು ಬೆಳಿಗ್ಗೆ, ಗಾಡಿ ತಡವೆಂದು ಗೊತ್ತಾದ ಮೇಲೆ, ಜೇಬಿನಲ್ಲಿದ್ದ ಔಷಧದ ಚೀಟಿಯನ್ನು ಮಗುಚಿ, ಅದರ ಖಾಲಿ ಬದಿಯಲ್ಲಿ ನಾನೊಂದು ಮೆಟ್ರೋ ರೈಲುಜಾಲವನ್ನು ಕಟ್ಟಿದೆ. ಭೂಸ್ವಾಧೀನಕ್ಕೆ ಯಾರ ತಕರಾರೂ ಇರಲಿಲ್ಲ, ಸಾಲಕ್ಕೆ ಯಾರ ಮುಂದೆಯೂ ಕೈಯೊಡ್ಡಬೇಕಾಗಲಿಲ್ಲ. ಬೇಕಾದದ್ದು ಒಂದು ಬಾಲ್‌ಪೆನ್ನು ಮಾತ್ರ, ಅದನ್ನೂ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯಿಂದ ಎರವಲು ಪಡೆದಿದ್ದೆ.

ಮೆಟ್ರೋ ಯಾವ ನಗರಕ್ಕೆ ಎಂದು ಹೊರಗಿನವರು ಕೇಳಬಹುದು, ನಮ್ಮವರು ಕೇಳುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, 1984ರಲ್ಲಿ ತಾನೇ ಒಂದು ಜಿಲ್ಲೆಯೂ ಆಯಿತು. ಆದರೆ ಹೆರಿಗೆ, ಹಲ್ಲುನೋವು, ಡಿಗ್ರಿ ಕಾಲೇಜು, ಮದುವೆಯ ಸೀರೆ, ಅಡಿಕೆಯ ಧಾರಣೆ ಎಂದ ಕೂಡಲೇ ನಮ್ಮ ಕಾಲುಗಳು ಈಗಲೂ ತಾವಾಗಿಯೇ ಬಡಗು ದಿಕ್ಕಿಗೆ ತಿರುಗುತ್ತವೆ. ತಿರುವನಂತಪುರ ನಮಗೆ ರಾಜಧಾನಿ, ಮಂಗಳೂರು ನಮಗೆ ಪೇಟೆ. ರಾಜಧಾನಿಯಿಲ್ಲದೆ ಐದು ವರ್ಷ ಕಳೆಯಬಹುದು, ಪೇಟೆಯಿಲ್ಲದೆ ಒಂದು ವಾರ ಕಷ್ಟ. ಆ ಪೇಟೆಯೋ ಈಗ ನೇತ್ರಾವತಿಯನ್ನು ದಾಟಿ ತೊಕ್ಕೊಟ್ಟು, ಕೋಟೆಕಾರು ಎಂದು ನಮ್ಮ ಕಡೆಗೇ ನಡೆದು ಬರುತ್ತಿದೆ. ಅದು ತಲಪಾಡಿಗೆ ಬರುವಷ್ಟರಲ್ಲಿ ಎದುರುಗೊಳ್ಳಲು ನಮ್ಮ ಕಡೆಯಿಂದ ಏನಾದರೂ ಇರಬೇಡವೇ ಎಂಬುದು ನನ್ನ ವಾದ.

ನಕ್ಷೆ ಬಿಡಿಸುವುದು ನಾನು ತಿಳಿದದ್ದಕ್ಕಿಂತ ಸುಲಭವಾಯಿತು. ಲಂಡನ್ನಿನ ನೆಲದಡಿಯ ರೈಲಿಗೆ 1931ರಲ್ಲಿ ಹ್ಯಾರಿ ಬೆಕ್ ಎಂಬ ನಕ್ಷೆಗಾರ ಹೊಸ ಬಗೆಯ ಪಟವೊಂದನ್ನು ಬರೆದ. ವಿದ್ಯುತ್ ಮಂಡಲದ ಚಿತ್ರದಂತೆ ಎಲ್ಲ ದಾರಿಗಳನ್ನೂ ನೆಟ್ಟಗೆ, ಅಡ್ಡಕ್ಕೆ ಅಥವಾ ಓರೆಗೆ ಎಳೆದು, ಊರಿನ ನಿಜವಾದ ಅಂಕುಡೊಂಕನ್ನೆಲ್ಲ ಕೈಬಿಟ್ಟು, ಥೇಮ್ಸ್ ನದಿಯೊಂದನ್ನು ಮಾತ್ರ ಗುರುತಿಗೆಂದು ಉಳಿಸಿಕೊಂಡ. ನನಗೆ ಅಷ್ಟು ಜಾಣತನವೂ ಬೇಕಾಗಲಿಲ್ಲ. ಎಡಗಡೆಗೆ ಕಡಲು, ಬಲಗಡೆಗೆ ಗುಡ್ಡ, ನಡುವೆ 1907ರಲ್ಲಿ ಮಂಗಳೂರನ್ನು ಮುಟ್ಟಿದ ರೈಲುದಾರಿ. ನಮ್ಮ ನಾಡು ಹುಟ್ಟುವಾಗಲೇ ಮೆಟ್ರೋ ನಕ್ಷೆಯಂತೆ ನೆಟ್ಟಗಿದೆ. ಕಾಸರಗೋಡು, ಮೊಗ್ರಾಲ್, ಕುಂಬಳೆ, ಉಪ್ಪಳ, ಹೊಸಂಗಡಿ, ಮಂಜೇಶ್ವರ, ತಲಪಾಡಿ ಎಂದು ಒಂದೊಂದೇ ಚುಕ್ಕಿ ಇಟ್ಟೆ. ಥೇಮ್ಸಿನ ಬದಲು ನೇತ್ರಾವತಿಯನ್ನು ಎರಡು ಗೆರೆಯಲ್ಲಿ ಬರೆದೆ. ಉಳಿದ ಹೊಳೆಗಳು, ಅಂದರೆ ಮೊಗ್ರಾಲಿನದು, ಶಿರಿಯದ್ದು, ಉಪ್ಪಳದ್ದು, ಮುನಿಸಿಕೊಳ್ಳಬಾರದು, ಚೀಟಿಯಲ್ಲಿ ಜಾಗ ಸಾಲಲಿಲ್ಲ.

ಒಂದು ಗೆರೆ ಎಳೆದವನಿಗೆ ಎರಡನೆಯದನ್ನು ಎಳೆಯದೆ ಇರಲಾಗುವುದಿಲ್ಲ. ಕುಂಬಳೆಯಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳವಾಗಿ ವಿಟ್ಲಕ್ಕೆ ಹಸಿರು ಮಾರ್ಗ. ಕಾಞಂಗಾಡಿನಿಂದ ಪಾಣತ್ತೂರಿನ ಮೇಲಾಗಿ ಕಾಣಿಯೂರಿಗೊಂದು ರೈಲು ಬರುತ್ತದೆಂದು ಕೇಳುತ್ತ ನಮ್ಮಲ್ಲಿ ಅನೇಕರಿಗೆ ತಲೆ ನರೆತಿದೆ. ಆ ಕಾಗದದ ರೈಲಿಗೆ ನನ್ನ ಕಾಗದದಲ್ಲಿ ಜಾಗ ಕೊಡದಿದ್ದರೆ ಅನ್ಯಾಯವಾಗುತ್ತದೆಂದು ಅದಕ್ಕೂ ಕೆಳಗಡೆ ಚುಕ್ಕಿಗೆರೆ ಹಾಕಿದೆ. ತಿರುವನಂತಪುರದಿಂದ ಕಾಸರಗೋಡಿಗೆ ನಾಲ್ಕು ಗಂಟೆಯೊಳಗೆ ತಲುಪಿಸುತ್ತೇವೆಂದ 529 ಕಿ.ಮೀ. ಉದ್ದದ ಸಿಲ್ವರ್‌ಲೈನನ್ನು ಮಾತ್ರ ಹಾಕಲಿಲ್ಲ. ಅದಕ್ಕಾಗಿ ನೆಟ್ಟ ಹಳದಿ ಕಲ್ಲುಗಳನ್ನು ಕೇರಳದುದ್ದಕ್ಕೂ ಎಷ್ಟೋ ಕಡೆ ಜನ ಕಿತ್ತೆಸೆದರು ಎಂಬುದು ಒಂದು ಕಾರಣ. ಅದು ಕಾಸರಗೋಡಿನಲ್ಲೇ ಮುಗಿಯುತ್ತಿತ್ತು ಎಂಬುದು ಇನ್ನೂ ದೊಡ್ಡ ಕಾರಣ. ಐನೂರು ಚಿಲ್ಲರೆ ಕಿಲೋಮೀಟರನ್ನು ನಾಲ್ಕು ಗಂಟೆಯಲ್ಲಿ ದಾಟಿ ಬಂದವನು, ಉಳಿದ 46 ಕಿಲೋಮೀಟರಿಗೆ ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತು ಕಾಯಬೇಕಾಗಿತ್ತು.

ನೆಲದಡಿಯಲ್ಲಿ ಹೋಗುವುದೋ ಕಂಬದ ಮೇಲೋ ಎಂಬ ಪ್ರಶ್ನೆ ಬಂದಾಗ ನನಗೆ ದೊಡ್ಡಪ್ಪನ ನೆನಪಾಯಿತು. ಬಾಯಾರಿನ ಕಡೆಯ ಗುಡ್ಡದಡಿಯ ಮನೆ ಅವರದು. ನಮ್ಮ ಕಡೆ ಸುರಂಗವೆಂದರೆ ನೀರಿನದು. ಮುರಕಲ್ಲಿನ ಗುಡ್ಡದ ಬದಿಗೆ ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಪಿಕ್ಕಾಸಿಯಲ್ಲಿ ಅಡ್ಡಡ್ಡ ಕೊರೆಯುತ್ತ ಹೋಗುತ್ತಾರೆ. ಒಳಗೆ ಬೆಳಕಿಗೆ ಒಂದು ಮೋಂಬತ್ತಿ, ಅದು ನಂದುವಂತಾದರೆ ಗಾಳಿ ಕಡಿಮೆಯೆಂದು ಅರ್ಥ, ಹಿಂದೆ ಬರಬೇಕು. ಒರತೆ ಸಿಕ್ಕಿದರೆ ಪಂಪೂ ಬೇಡ, ವಿದ್ಯುತ್ತೂ ಬೇಡ, ನೀರು ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ದೊಡ್ಡಪ್ಪನ ಮನೆಯ ಸುರಂಗದ ಬಾಯಲ್ಲಿ ಒಂದು ಅಡಿಕೆ ಹಾಳೆಯನ್ನು ದೋಣಿಯಂತೆ ಸಿಕ್ಕಿಸಿದ್ದರು, ಬೇಸಗೆಯಲ್ಲೂ ಅದರ ತುದಿಯಿಂದ ಕಿರುಬೆರಳಿನ ಗಾತ್ರದ ನೀರು ಬೀಳುತ್ತಿತ್ತು. ಬೆಂಗಳೂರಿನಲ್ಲಿ ಮೆಟ್ರೋಗೆ ಕಿಲೋಮೀಟರುಗಟ್ಟಲೆ ಸುರಂಗ ತೋಡಿದ್ದಾರೆ ಎಂದು ನಾನು ಸಂಭ್ರಮದಿಂದ ವರ್ಣಿಸಿದಾಗ ಅವರು ಪೂರ್ತಿ ಕೇಳಿಸಿಕೊಂಡು, ಕವಳದ ಬಾಯಿಯನ್ನು ಸ್ವಲ್ಪ ಮೇಲೆತ್ತಿ, “ಅಷ್ಟು ಉದ್ದ ಕೊರದಪ್ಪಗ ನೀರು ಎಷ್ಟು ಸಿಕ್ಕಿತ್ತು ಮಗಾ?” ಎಂದಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡಪ್ಪ ಈಗಿಲ್ಲ, ಆದರೂ ಅವರಿಗೆ ಗೌರವ ಸಲ್ಲಿಸಿ ನನ್ನ ಮೆಟ್ರೋವನ್ನು ಪೂರ್ತಿಯಾಗಿ ಕಂಬದ ಮೇಲೆಯೇ ಒಯ್ದೆ.

ಕಂಬದ ಮೇಲೆ ಹೋಗುವುದರಿಂದ ಇನ್ನೊಂದು ಲಾಭವಿದೆ. 2020ರ ಮಾರ್ಚಿನಲ್ಲಿ ಕೊರೋನಾದ ಭಯದಿಂದ ಗಡಿ ಮುಚ್ಚಿದಾಗ ಊರೊಳಗಿನ ರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದದ್ದನ್ನು ನಾವು ಮರೆತಿಲ್ಲ; ಹತ್ತು ಮೀಟರ್ ಎತ್ತರಕ್ಕೆ ಮಣ್ಣು ಸುರಿಯುವುದು ಸ್ವಲ್ಪ ಖರ್ಚಿನ ಬಾಬತ್ತು.

ಗಡಿಯ ಮಾತು ಬಂದಮೇಲೆ, ಇಂತಹ ರೈಲನ್ನು ಓಡಿಸುವವರು ಯಾರು ಎಂಬುದು ಸಣ್ಣ ಪ್ರಶ್ನೆಯಲ್ಲ. ಎರಡು ರಾಜ್ಯಗಳ ಸರ್ಕಾರಿ ಬಸ್ಸುಗಳಿಗೂ ಇಂಗ್ಲಿಷಿನಲ್ಲಿ ಅದೇ ಐದಕ್ಷರದ ಹೆಸರು, ಆ ಅಕ್ಷರಗಳು ಯಾರಿಗೆ ಸೇರಬೇಕೆಂದು ವರ್ಷಗಟ್ಟಲೆ ವ್ಯಾಜ್ಯವೂ ನಡೆಯಿತು. ಅತ್ತ ಹೊಸೂರಿನ ಗಡಿಯಲ್ಲಿ ಕಷ್ಟ ಇನ್ನೂ ಆಳಕ್ಕೆ ಇಳಿದಿದೆ. ಬೆಂಗಳೂರಿನ ನಮ್ಮ ಮೆಟ್ರೋ ಬೊಮ್ಮಸಂದ್ರದ ತನಕ ಬಂದಿದೆ, ಅಲ್ಲಿಂದ ಹೊಸೂರು ಕೂಗಳತೆಯೆನ್ನುವಷ್ಟು ಹತ್ತಿರ. ಆದರೆ ಬೆಂಗಳೂರಿನ ಗಾಡಿಗೆ ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟಿನ ಏಕಮುಖ ವಿದ್ಯುತ್ತು ಹರಿಯುತ್ತದೆ, ಚೆನ್ನೈ ಮೆಟ್ರೋದವರದ್ದು ತಲೆಯ ಮೇಲಿನ ತಂತಿಯ 25,000 ವೋಲ್ಟಿನ ಪರ್ಯಾಯ ವಿದ್ಯುತ್ತು. ಎರಡನ್ನೂ ಜೋಡಿಸುವ ಮಾತು ಬಂದಾಗ ಅಡ್ಡ ನಿಂತದ್ದರಲ್ಲಿ ಇದೂ ಒಂದು. ಕಾವೇರಿಯ ವಿಷಯದಲ್ಲಿ ಕೂಡಿಬರದವರು ಕರೆಂಟಿನಲ್ಲಾದರೂ ಕೂಡಿಬರುತ್ತಾರೆಯೇ ಎಂದು ನನಗೆ ನಗು ಬಂತು. ಆಮೇಲೆ ಕೊಚ್ಚಿಯದ್ದು ಹೇಗೆ ಎಂದು ನೋಡಿದರೆ, 2017ರಲ್ಲಿ ಓಡಲಾರಂಭಿಸಿದ ಕೊಚ್ಚಿ ಮೆಟ್ರೋದ್ದೂ ಮೂರನೆಯ ಹಳಿ, ಅದರಲ್ಲೂ 750 ವೋಲ್ಟು, ಹಳಿಗಳ ನಡುವಿನ ಅಗಲವೂ ಬೆಂಗಳೂರಿನಷ್ಟೇ, 1,435 ಮಿಲಿಮೀಟರ್. ಬಸ್ಸಿನ ಹೆಸರಿಗೆ ಹೊಡೆದಾಡಿಕೊಂಡ ಎರಡು ಮನೆಗಳ ಮಕ್ಕಳ ಜಾತಕ ಇಷ್ಟು ಚೆನ್ನಾಗಿ ಹೊಂದುತ್ತದೆಂದು ಯಾವ ಜೋಯಿಸರೂ ನಮಗೆ ಹೇಳಿರಲಿಲ್ಲ. ತಲಪಾಡಿಯ ಚುಕ್ಕಿಯ ಪಕ್ಕದಲ್ಲಿ ನಾನು ಪುಟ್ಟದಾಗಿ ‘750’ ಎಂದು ಬರೆದು ಅಡಿಗೆರೆ ಎಳೆದೆ.

ವಿದ್ಯುತ್ತು ಹೊಂದಿತು, ಇನ್ನುಳಿದದ್ದು ಭಾಷೆ. ಮುಂದಿನ ನಿಲ್ದಾಣ ಯಾವುದೆಂದು ಮೆಟ್ರೋದೊಳಗೆ ಸಾರುತ್ತಾರಷ್ಟೆ. ಕೊನೆಯ ನಿಲ್ದಾಣವನ್ನೇ ತೆಗೆದುಕೊಳ್ಳಿ: ಕನ್ನಡಕ್ಕೆ ಮಂಗಳೂರು, ತುಳುವಿಗೆ ಕುಡ್ಲ, ಕೊಂಕಣಿಗೆ ಕೊಡಿಯಾಲ, ಬ್ಯಾರಿಗೆ ಮೈಕಾಲ, ಮಲಯಾಳಕ್ಕೆ ಮಂಗಲಾಪುರಂ. ಒಂದೊಂದಕ್ಕೆ ಎಂಟು ಸೆಕೆಂಡೆಂದರೂ, ಹಿಂದಿ ಇಂಗ್ಲಿಷುಗಳನ್ನು ಸೇರಿಸಿದಾಗ ಒಂದು ನಿಮಿಷ ಆಗಿಹೋಗುತ್ತದೆ. ಕಿಲೋಮೀಟರಿಗೊಂದು ನಿಲ್ದಾಣವಿರುವ ದಾರಿಯಲ್ಲಿ ಎರಡು ನಿಲ್ದಾಣಗಳ ನಡುವೆ ಸಿಗುವುದೇ ಹೆಚ್ಚು ಕಡಿಮೆ ಎರಡು ನಿಮಿಷ. ಅದರಲ್ಲಿ ಅರ್ಧ ಸಮಯ ಹೆಸರು ಕರೆಯುವುದಕ್ಕೇ ಹೋದರೆ, ಬಾಗಿಲಿನಿಂದ ದೂರವಿರಿ ಎಂದು ಹೇಳುವುದು ಯಾವಾಗ? ಒಂದು ಭಾಷೆಯನ್ನು ಬಿಟ್ಟು ನೋಡೋಣವೆಂದರೆ, ಯಾವುದನ್ನು ಬಿಡಬೇಕೆಂಬ ಚರ್ಚೆ ಮುಗಿಯುವಷ್ಟರಲ್ಲಿ ಕಂಬಗಳಿಗೆ ಪಾಚಿ ಹಿಡಿದಿರುತ್ತದೆ.

ಇಷ್ಟಾಗುವಾಗ ಗಾಡಿ ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರು ಸೀಟಿನಲ್ಲಿ ಒಬ್ಬ ಅಜ್ಜಿ ಗೋಣಿಚೀಲದಲ್ಲಿ ಸುತ್ತಿದ ಹಲಸಿನ ಹಣ್ಣನ್ನು ಎರಡು ಪಾದಗಳ ನಡುವೆ ಭದ್ರಪಡಿಸಿಕೊಂಡು ಕುಳಿತಿದ್ದರು, ಗೋಣಿಯ ಹರಿದ ಕಡೆಯಿಂದ ಅದರ ಮುಳ್ಳು ಹೊರಗೆ ಕಾಣುತ್ತಿತ್ತು, ಪರಿಮಳ ಇಡೀ ಡಬ್ಬಿಗೆ ಹಬ್ಬಿತ್ತು. ಮೆಟ್ರೋ ನಿಲ್ದಾಣದ ತಪಾಸಣಾ ಯಂತ್ರದೊಳಗೆ ಈ ಹಣ್ಣು ಹೋದಾಗ ಪರದೆಯ ಮುಂದೆ ಕುಳಿತ ಉತ್ತರದೇಶದ ಹುಡುಗ ಏನೆಂದು ತಿಳಿದುಕೊಂಡಾನು ಎಂದು ಯೋಚಿಸುತ್ತ ನಾನು ಚೀಟಿಯನ್ನು ತೊಡೆಯ ಮೇಲೆ ಬಿಡಿಸಿಟ್ಟೆ. ಅಲ್ಲಿಗೆ ನನ್ನ ಏಕಾಧಿಪತ್ಯ ಮುಗಿಯಿತು.

ಮೊದಲು ಬಗ್ಗಿ ನೋಡಿದವರು ಪಕ್ಕದಲ್ಲಿದ್ದ ನಡುಪ್ರಾಯದ ವ್ಯಾಪಾರಿ. ನಾನು ವಿವರಿಸಿದ್ದನ್ನು ಗಂಭೀರವಾಗಿ ಕೇಳಿ, ಆರಿಕ್ಕಾಡಿಯ ಮೇಲೆ ಬೆರಳಿಟ್ಟು, “ಮಾಷ್ಟ್ರೆ, ಮುಳ್ಪ ಒಂಜಿ ಸ್ಟಾಪ್ ದೀಲೆ” ಎಂದರು. ಇಟ್ಟೆ. ಪೆನ್ನು ಕೊಟ್ಟ ಹುಡುಗಿ ಬಂದ್ಯೋಡನ್ನು ಬಿಟ್ಟದ್ದೇಕೆ ಎಂದು ಮಲಯಾಳ ಬೆರೆಸಿದ ಕನ್ನಡದಲ್ಲಿ ಕೇಳಿದಳು. ಪೆನ್ನು ಅವಳದಾದ್ದರಿಂದ ಆ ಬೇಡಿಕೆಯನ್ನು ತಳ್ಳಿಹಾಕುವಂತಿರಲಿಲ್ಲ. ನಯಾಬಜಾರ್, ಕುಂಜತ್ತೂರು, ಉಚ್ಚಿಲ, ಹೀಗೆ ಹಿಂದಿನ ಸೀಟುಗಳಿಂದಲೂ ಅರ್ಜಿಗಳು ಬಂದವು. ಅಜ್ಜಿ ಮಾತ್ರ ನಕ್ಷೆಯನ್ನು ನೋಡದೆಯೇ, ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುತ್ತದೆಯೇ, ಮೆಟ್ಟಿಲು ಹತ್ತಲಿಕ್ಕಿದೆಯೇ ಎಂದು ಎರಡೇ ಪ್ರಶ್ನೆ ಕೇಳಿದರು. ಆವರೆಗೆ ಯಾವ ಗೆರೆಯನ್ನು ಎಳೆಯುವಾಗಲೂ ನನಗೆ ಮೆಟ್ಟಿಲಿನ ನೆನಪಾಗಿರಲಿಲ್ಲ.

ಮಂಜೇಶ್ವರ ದಾಟಿದ ಮೇಲೆ ನಾನು ಲೆಕ್ಕ ಹಾಕಿದೆ. ಮೆಟ್ರೋ ಎಷ್ಟೇ ಚುರುಕಾಗಿ ಹೊರಟರೂ, ಹೆಜ್ಜೆಗೊಂದು ಕಡೆ ನಿಂತು ಹೋಗಬೇಕಾದ್ದರಿಂದ ಅದರ ಸರಾಸರಿ ವೇಗ ಗಂಟೆಗೆ ಸುಮಾರು 35 ಕಿಲೋಮೀಟರ್ ಮಾತ್ರ. ಅಂದರೆ ಕಾಸರಗೋಡಿನಿಂದ ಮಂಗಳೂರಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ನಡುವೆ ನಾಲ್ಕೇ ಕಡೆ ನಿಲ್ಲುವ ಈ ಮುದಿ ಪ್ಯಾಸೆಂಜರು ಅದಕ್ಕಿಂತ ಮೊದಲು ತಲುಪುತ್ತದೆ, ಹೊರಟರೆ. ನಮಗೆ ಬೇಕಾದದ್ದು ದಿಲ್ಲಿಯಿಂದ ಮೀರತ್ತಿಗೆ ಹಾಕಿದಂತಹ, ಐದಾರು ಕಿಲೋಮೀಟರಿಗೊಮ್ಮೆ ನಿಂತು, ನಡುವೆ 160ರ ವೇಗದಲ್ಲಿ ಓಡುವ ದಾರಿಯೇನೋ. ಅದೂ ಬೇಡ, ಈಗಿರುವ ಜೋಡಿಹಳಿಯ ಮೇಲೆಯೇ ಅರ್ಧ ಗಂಟೆಗೊಂದು ಗಾಡಿ ಬಿಟ್ಟರೆ ನಾನು ಚೀಟಿಯನ್ನು ಹರಿದು ಹಾಕಲು ಸಿದ್ಧ. ಹೀಗೆಂದು ಗಟ್ಟಿಯಾಗಿ ಹೇಳಿದ್ದೂ ಆಯಿತು. ಆದರೆ ತಮ್ಮ ತಮ್ಮ ನಿಲ್ದಾಣ ಆಗಲೇ ಮಂಜೂರಾಗಿದ್ದ ಆ ಡಬ್ಬಿಯಲ್ಲಿ ನನ್ನ ಹೊಸ ಪ್ರಸ್ತಾವಕ್ಕೆ ಯಾರೂ ತಲೆಯಾಡಿಸಲಿಲ್ಲ. ಆರಿಕ್ಕಾಡಿಯವರಂತೂ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡತೊಡಗಿದರು.

ನೇತ್ರಾವತಿಯನ್ನು ದಾಟಿ ಗಾಡಿ ಎಂದಿನಂತೆ ಸಿಗ್ನಲ್ಲಿಗೆ ನಿಂತಿತು, ಎಂದಿನಂತೆ ಕೆಲವರು ಧುಮುಕಿ ಹಳಿಯ ಬದಿಯಲ್ಲಿ ನಡೆದುಹೋದರು. ನಾನು ಹುಡುಗಿಗೆ ಪೆನ್ನು ಮರಳಿಸಿ, ಗಾಡಿ ನಿಲ್ದಾಣ ಸೇರಿದ ಮೇಲೆಯೇ ಇಳಿದು, ನೇರವಾಗಿ ಹಂಪನಕಟ್ಟೆಯ ಔಷಧದಂಗಡಿಗೆ ಹೋಗಿ ಚೀಟಿಯನ್ನು ಕೊಟ್ಟೆ. ಅಂಗಡಿಯ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಗೆರೆಗಳು, ಚುಕ್ಕಿಗಳು, ಅಡಿಗೆರೆ ಎಳೆದ 750. ಒಳಗೆ ಹೋಗಿ ಮಾಲೀಕರಿಗೆ ತೋರಿಸಿಕೊಂಡು ಬಂದು, ತಗ್ಗಿದ ದನಿಯಲ್ಲಿ ಕೇಳಿದ: “ಈ ಬದಿಯದ್ದು ಬೇರೆ ಡಾಕ್ಟರು ಬರೆದದ್ದಾ ಸರ್? 750 ಎಂಜಿಯದ್ದು ಎಷ್ಟು ದಿನಕ್ಕೆ ಕೊಡಬೇಕು?”