ಅದು ಅಮೃತಶಿಲೆ ಅಲ್ಲ ಮಾರಾಯ್ರೆ, ಸುಟ್ಟ ಮಣ್ಣು

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿರುವ ಪ್ರಾಸ್ಪೆಕ್ಟ್ ಪಾರ್ಕಿನ ದೋಣಿಮನೆಯ ಫೋಟೊ ಇವತ್ತು ಮತ್ತೆ ಓಡಾಡ್ತಿದೆ. ಕೆಳಗೆ ಅದೇ ಹಳೇ ರಾಗ: ‘ಅಮೃತಶಿಲೆಯ ಅರಮನೆ’. ಅಲ್ಲ ಸ್ವಾಮಿ, ಟೆರಾಕೋಟಾ. ಬಿಳಿ ಗ್ಲೇಜ್, ಅಂದರೆ ಗಾಜಿನಂಥ ಲೇಪ ಕೊಟ್ಟು ಸುಟ್ಟ ಜೇಡಿಮಣ್ಣು.

ವೆನಿಸ್‌ನಲ್ಲಿ ವಾಸ್ತುಶಿಲ್ಪಿ ಸಾನ್ಸೊವಿನೊ ರೂಪಿಸಿದ 16ನೇ ಶತಮಾನದ ಗ್ರಂಥಾಲಯವೇ ಇದಕ್ಕೆ ಮಾದರಿ. 1905ರಲ್ಲಿ ಕೆಲಸ ಹಿಡಿದ ವಾಸ್ತುಶಿಲ್ಪಿಗಳಾದ ಹೆಲ್ಮ್ಲೆ ಮತ್ತು ಹ್ಯೂಬರ್ಟಿ ಕಲ್ಲು ಕೆತ್ತಿಸುವ ಗೋಜಿಗೆ ಹೋಗಲಿಲ್ಲ. ಅಚ್ಚಿಗೆ ಮಣ್ಣು ಒತ್ತಿದರೆ ಒಂದೇ ಅಲಂಕಾರ ಎಷ್ಟು ಸಲ ಬೇಕಾದರೂ ಬರುತ್ತೆ. ಜಾಣತನವೇ.

‘ನೋಡೋಕೆ ಚೆಂದ ಇದೆಯಲ್ಲ, ಏನಾದ್ರೆ ಏನು?’ ಅಂತೀರಿ. ಚೆಂದಕ್ಕೇನೂ ಆಗಲ್ಲ, ಕಲ್ಲು ಅಂದುಕೊಂಡು ಕೈಹಾಕಿದರೆ ದುರಸ್ತಿ ಕೆಡುತ್ತೆ. ಟೆರಾಕೋಟಾ ತುಂಡುಗಳ ಒಳಗೆ ಟೊಳ್ಳು. ಗೋಡೆಗೆ ಹಿಡಿದಿಡೋದು ಕಬ್ಬಿಣದ ಕೊಕ್ಕೆ. ಸಂದಿಯಿಂದ ಒಳಗೆ ಇಳಿದ ನೀರು ಗ್ಲೇಜ್ ದಾಟಿ ಆರಲಾರದು, ಸಂದಿಯ ಗಾರೆಯಿಂದಲೇ ಹೊರಬರಬೇಕು. ‘ಗಟ್ಟಿ ಇರಲಿ’ ಅಂತ ಅಲ್ಲಿ ಸಿಮೆಂಟ್ ಜಡಿದರೆ ಆ ದಾರಿಯೂ ಬಂದ್. ಚಳಿಗಾಲಕ್ಕೆ ನೀರು ಹೆಪ್ಪುಗಟ್ಟಿ ಗ್ಲೇಜ್ ಚಕ್ಕೆ ಏಳುತ್ತೆ. ಕೊಕ್ಕೆ ತುಕ್ಕು ಹಿಡಿದು ಹಲವು ಪಟ್ಟು ಊದಿ, ತಾನು ಹಿಡಿದ ತುಂಡನ್ನೇ ಸೀಳುತ್ತೆ. ಹೊರಗಿನಿಂದ ಎಲ್ಲ ಹಾಲು ಬಿಳುಪು! ಅದಕ್ಕೇ ಗಡಿಗೆ ಕೊಳ್ಳುವವರ ಹಾಗೆ ಒಂದೊಂದನ್ನೂ ಮರದ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಠಣ್ ಅಂದರೆ ಕ್ಷೇಮ, ಬೊದ್ ಅಂದರೆ ಒಳಗೆ ಬಿರುಕು.

1964ರಲ್ಲಿ ಇದನ್ನು ಕೆಡವೋಕೇ ಹೊರಟಿದ್ದರು. ಹಿಂದಿನ ವರ್ಷವಷ್ಟೇ ಅದೇ ನಗರದ ಭವ್ಯ ರೈಲು ನಿಲ್ದಾಣ ಪೆನ್ ಸ್ಟೇಷನ್ ಒಡೆಯಲು ಶುರುಮಾಡಿದ್ದರು, ಜನರ ಹೊಟ್ಟೆಯುರಿ ಆರಿರಲಿಲ್ಲ. ಗಲಾಟೆ ಎದ್ದಿತು, ಕಟ್ಟಡ ಉಳಿಯಿತು. 1968ರಲ್ಲಿ ನಗರದ ಸಂರಕ್ಷಿತ ಕಟ್ಟಡಗಳ ಪಟ್ಟಿಗೂ ಸೇರಿತು. ಆಯ್ತಾ? ಇಲ್ಲ. 1970ರ ದಶಕದಲ್ಲೊಮ್ಮೆ ದುರಸ್ತಿ, 90ರ ದಶಕದಲ್ಲಿ ಮತ್ತೆ ಬಾಗಿಲು ಬಂದ್, ಮತ್ತೊಮ್ಮೆ ದುರಸ್ತಿ. ಹಕ್ಕಿ, ನಿಸರ್ಗದ ಬಗ್ಗೆ ತಿಳಿಸುವ ಆಡುಬಾನ್ ಕೇಂದ್ರವಾಗಿ ತೆರೆದದ್ದು 2002ರಲ್ಲಿ. ಪಟ್ಟಿಗೆ ಸೇರಿಸಿದರೆ ಬುಲ್ಡೋಜರ್ ನಿಲ್ಲುತ್ತೆ, ನೀರು ನಿಲ್ಲಲ್ಲ.

‘ಒಡೆದದ್ದನ್ನು ಬದಲಾಯಿಸಿದರಾಯ್ತು’ ಅನ್ನುವ ಪಂಡಿತರೂ ಇದ್ದಾರೆ. ಹಳೇ ತುಂಡಿನ ಮೇಲೆ ನೇರವಾಗಿ ಅಚ್ಚು ತೆಗೀತಾರೆ. ಜೇಡಿಮಣ್ಣು ಒಣಗಿ ಬೇಯುವಷ್ಟರಲ್ಲಿ ಒಂದಡಿ ಉದ್ದಕ್ಕೆ ಸುಮಾರು ಒಂದು ಇಂಚು ಕುಗ್ಗುತ್ತೆ ಅನ್ನೋದು ಮರೆತೇ ಹೋಗಿರುತ್ತೆ. ಅಚ್ಚಿನ ಮಾದರಿಯನ್ನು ಅಷ್ಟು ಹಿಗ್ಗಿಸಿಯೇ ಮಾಡಬೇಕು. ಇಲ್ಲದಿದ್ದರೆ ಮೂರಡಿ ತುಂಡು ಮೂರು ಇಂಚು ಗಿಡ್ಡವಾಗಿ ಬಂದು ಕೂರುತ್ತೆ. ಆ ಸಂದಿಗೆ ಏನು ತುಂಬ್ತಾರೆ ಹೇಳಿ? ಅದೇ ಸಿಮೆಂಟ್.