ಮಾರಿಕಾಂಬೆ ದುರ್ಗೆಯ ಇನ್ನೊಂದು ಹೆಸರಷ್ಟೇ ಅಲ್ಲ
ಗ್ರಾಮದೇವತೆಗಳ ಕುರಿತ ಲೇಖನವೊಂದನ್ನು ಓದಿದೆ. ಗ್ರಾಮದೇವತೆಗಳೆಲ್ಲ ದುರ್ಗೆಯ ಸ್ಥಳೀಯ ರೂಪಗಳೆಂದು ಅದರ ಲೇಖಕರು ಒಂದೇ ವಾಕ್ಯದಲ್ಲಿ ಮುಗಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಶಿರಸಿಯ ಮಾರಿಕಾಂಬೆಯನ್ನೇ ನೋಡಿ. ಎಂಟು ಕೈಗಳ ಆ ಮರದ ಮೂರ್ತಿಯಲ್ಲಿ ದುರ್ಗೆಯ ಲಕ್ಷಣಗಳಿವೆ, ನಿಜ. ಆದರೆ ಆಚರಣೆ ಹೇಳುವ ಕಥೆ ಬೇರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಮೊದಲು ದೇವಿಯ ಕಲ್ಯಾಣವಾಗಿ, ಅನಂತರ ಆಕೆ ರಥವೇರಿ ಜಾತ್ರೆ ನಡೆಯುವ ಬಿಡ್ಕಿಬೈಲಿನ ಗದ್ದುಗೆಗೆ ಬರುತ್ತಾಳೆ. ಅಲ್ಲಿ ತಾಸುಗಟ್ಟಲೆ ಸಾಲಿನಲ್ಲಿ ನಿಂತ ಹೆಂಗಸರು ರವಿಕೆ ಕಣ, ಅಕ್ಕಿ, ತೆಂಗಿನಕಾಯಿ, ಹಸಿರು ಬಳೆಗಳಿಂದ ಉಡಿ ತುಂಬುವಾಗ ಎದುರಿಗಿರುವವಳು ಅಸುರಸಂಹಾರಿಣಿ ಎನ್ನುವುದಕ್ಕಿಂತ ತವರಿಗೆ ಬಂದ ಮಗಳು ಎಂದೇ ನನಗೆ ಅನ್ನಿಸಿದೆ. ಕೊನೆಯ ದಿನ ಚಪ್ಪರಕ್ಕೆ ಬೆಂಕಿ ಬೀಳುತ್ತದೆ, ಯುಗಾದಿಯಂದು ಮರುಪ್ರತಿಷ್ಠೆಯಾಗುವವರೆಗೆ ಗುಡಿಯಲ್ಲಿ ದೇವಿಯಿರುವುದಿಲ್ಲ. ಇದರ ಹಿಂದಿರುವುದು ಪುರಾಣದ ಮಹಿಷಾಸುರನಲ್ಲ. ಕುಲ ಮರೆಸಿ ಮದುವೆಯಾದ ಗಂಡನ ಮೋಸ ತಿಳಿದು ಸಿಟ್ಟಿಗೆದ್ದ ಹೆಂಡತಿ ಮಾರಿಯಾದಳು, ಅವನು ಕೋಣನಾದ ಎಂದು ಕರ್ನಾಟಕದ ಅನೇಕ ಕಡೆ ಹೇಳುವ ಐತಿಹ್ಯ. (ಜಾತಿಯ ಗಡಿ ಕಾಯುವ ಈ ಕಥೆ ಕೇಳಲು ಹಿತವಾದದ್ದಲ್ಲ, ಅದು ಬೇರೆ ಮಾತು.) ಶಿರಸಿಯಲ್ಲಿ ಕೋಣಬಲಿ ನಿಂತು ದಶಕಗಳೇ ಕಳೆದರೂ ದೇವಿಗೆ ಮೀಸಲಾದ ಪಟ್ಟದ ಕೋಣವನ್ನು ಸಾಕುವ ಪದ್ಧತಿ ಉಳಿದುಕೊಂಡು ಬಂದಿದೆ. ಜಾತ್ರೆಯ ವಿಧಿಗಳಲ್ಲಿ ಮಾರಿಯ ಸೇವೆಯನ್ನು ಪರಂಪರೆಯಿಂದ ನಡೆಸಿಕೊಂಡು ಬಂದ ಅಸಾದಿ ಸಮುದಾಯಕ್ಕಿರುವ ಪಾಲನ್ನಂತೂ ಲೇಖನ ಪ್ರಸ್ತಾಪಿಸಿಯೇ ಇಲ್ಲ.