ನಮ್ಮ ನಂದಿ ದೇವಸ್ಥಾನ ನಿಮ್ಮ ರೀಲ್ಸ್‌ಗೆ ಕಟ್ಟಿದ್ದಲ್ಲ ಬೀಗರೇ

ಅಣ್ಣನ ಮಗಳ ಮದುವೆ ಗೊತ್ತಾಗಿದೆ. ಸಂತೋಷ. ಹುಡುಗ ಒಳ್ಳೆಯವನು, ಅದರಲ್ಲಿ ತಕರಾರಿಲ್ಲ. ತಕರಾರಿರೋದು ಹುಡುಗನ ಅಕ್ಕನ ಬಗ್ಗೆ, ಆ ಅಕ್ಕನ ಫೋನಿನ ಬಗ್ಗೆ, ಆ ಫೋನಿನಲ್ಲಿ ಅವರು ನೋಡಿದ ಒಂದು ವಿಡಿಯೋ ಬಗ್ಗೆ. ಯಾವುದೋ ಜೋಡಿ. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ಮಾರುದ್ದದ ಗೌನು ಹರಡಿಕೊಂಡು ಹುಡುಗಿ ನಿಧಾನಕ್ಕೆ ತಿರುಗ್ತಾಳೆ, ಹುಡುಗ ಕನ್ನಡಕ ತೆಗೀತಾನೆ, ಡ್ರೋನು ಮೇಲಕ್ಕೆ ಹೋಗುತ್ತೆ. ಅಷ್ಟು ನೋಡಿದ್ದೇ ಬೀಗರ ಮನೆಯಲ್ಲಿ ತೀರ್ಮಾನ ಆಗಿಹೋಯ್ತು, ಮದುವೆ ಅಲ್ಲೇ. ನಮ್ಮದು ಚಿಕ್ಕಬಳ್ಳಾಪುರ, ನಂದಿ ಗ್ರಾಮ ಪಕ್ಕದಲ್ಲೇ ಅನ್ನೋ ಹಾಗೆ, ಆದ್ದರಿಂದ ವ್ಯವಸ್ಥೆ ಎಲ್ಲಾ ನನ್ನ ತಲೆಗೆ. "ನಿಮ್ಮೂರಲ್ಲೇ ಇದೆಯಲ್ಲಾ, ಒಂದು ಮಾತು ಹೇಳಿ ಮಾಡಿಸ್ಬಿಡಿ."

ಒಂದು ಮಾತು! ಯಾರಿಗೆ ಹೇಳ್ಲಿ? ಹಿಂದೆ ಈ ಸೀಮೆ ಆಳಿದ ನೊಳಂಬ ರಾಜರಿಗಾ?

ನಿಜ ಹೇಳ್ತೀನಿ, ಮೊದಲು ಕೇಳಿದಾಗ ನನಗೆ ಖುಷಿಯೇ ಆಗಿತ್ತು. ನಮ್ಮ ಕಡೆ ಹೊಸ ಮದುಮಕ್ಕಳು ಭೋಗನಂದೀಶ್ವರನಿಗೆ ಬಂದು ಕೈ ಮುಗಿದು ಹೋಗೋದು ಹಳೇ ರೂಢಿ. ಒಂದು ಕಡೆ ಅರುಣಾಚಲೇಶ್ವರ, ಇನ್ನೊಂದು ಕಡೆ ಭೋಗನಂದೀಶ್ವರ, ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ. ನಂದಿ ಬೆಟ್ಟದ ಮೇಲಿರೋ ಯೋಗನಂದೀಶ್ವರ ವಿರಾಗಿ, ಅವನಿಗೆ ಹಬ್ಬ ಉತ್ಸವದ ಗೊಡವೆ ಇಲ್ಲ. ಸಂಭ್ರಮ ಸಡಗರ ಏನಿದ್ದರೂ ಕೆಳಗಿನವನ ಪಾಲಿಗೆ. ಉಮಾಮಹೇಶ್ವರನ ಮುಂದೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ. ಕಂಬಗಳಲ್ಲಿ ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾದೇವಿ, ಎಲ್ಲರೂ ಜೋಡಿ ಜೋಡಿ. ಮೇಲೆ ಬಳ್ಳಿ, ಗಿಣಿ, ಒಂದು ಬೆರಳು ಇಡೋಕೂ ಖಾಲಿ ಜಾಗ ಬಿಡದ ಹಾಗೆ ಕೆತ್ತಿದಾನೆ ಪುಣ್ಯಾತ್ಮ. ನನ್ನ ಲೆಕ್ಕ ಸರಳವಾಗಿತ್ತು. ಬೆಳಿಗ್ಗೆ ಎರಡೂ ಕಡೆಯ ಹತ್ತಿರದವರು ಮಾತ್ರ, ಅನುಮತಿ ಕೇಳಿಕೊಂಡು ದೇವರ ಸನ್ನಿಧಿಯಲ್ಲಿ ತಾಳಿ, ಒಂದು ಓಲಗ, ಮಂಗಳಾರತಿ. ಆಮೇಲೆ ಎಲ್ಲರೂ ಚಿಕ್ಕಬಳ್ಳಾಪುರದ ಛತ್ರಕ್ಕೆ ಬಂದು ಹೋಳಿಗೆ ಊಟ. ಆರತಕ್ಷತೆ ಛತ್ರದಲ್ಲಿ, ಎಷ್ಟು ಬೇಕಾದರೂ ಲೈಟು ಹಾಕ್ಕೊಳ್ಳಿ. ಮಾರನೇ ದಿನ ಬೀಗರೂಟ. ಮುಗೀತು.

ಇದನ್ನು ಹೇಳಿದ್ದಕ್ಕೆ ಹುಡುಗನ ಅಕ್ಕ ಅಂದಿದ್ದು: "ಅಂಕಲ್, ಅದು ಟೆಂಪಲ್ ಮ್ಯಾರೇಜ್ ಆಯ್ತು. ನಮಗೆ ಬೇಕಿರೋದು ಹೆರಿಟೇಜ್ ವೆಡ್ಡಿಂಗ್."

ಅದರ ಹಿಂದೆಯೇ ಬಂದ ನೋಡಿ ಒಬ್ಬ ಇವೆಂಟ್ ಮ್ಯಾನೇಜರ್, ಬೆಂಗಳೂರಿಂದ, ಬಿಳಿ ಶೂ ಹಾಕ್ಕೊಂಡು. ಅವನ ಮುಂಗಡ ನಮ್ಮ ಅಣ್ಣನೇ ಕೊಟ್ಟಿದ್ದು, ಅದು ಬೇರೆ ಸಂಕಟ. ಲ್ಯಾಪ್‌ಟಾಪ್ ತೆಗೆದು ಮೂಡ್ ಬೋರ್ಡ್ ಅಂತ ತೋರಿಸಿದ. ಪ್ರಾಕಾರದಲ್ಲಿ ಕಬ್ಬಿಣದ ಟ್ರಸ್ ನಿಲ್ಲಿಸಿ ಎಲ್‌ಇಡಿ ಗೋಡೆ. ಕಲ್ಯಾಣಿಯಲ್ಲಿ ಹಳದಿ ಕಾರ್ಯಕ್ರಮ, ಮೆಟ್ಟಿಲ ತುಂಬಾ ದಿಂಬು, ಮೇಲಿಂದ ಅರಿಶಿನದ ಪುಡಿ ಎರಚೋ ಮಷೀನು. ಮಹಾದ್ವಾರದಿಂದ ಹುಡುಗ ತೆರೆದ ಜೀಪಲ್ಲಿ ಎಂಟ್ರಿ. ತಾಳಿ ಕಟ್ಟೋ ಹೊತ್ತಿಗೆ ಅಕ್ಕಪಕ್ಕ ಕಿಡಿ ಚಿಮ್ಮಬೇಕು. ಸಂಜೆ ಅಲ್ಲೇ ಡಿಜೆ, ಅಲ್ಲೇ ಬಫೆ, ಚಾಟ್ ಕೌಂಟರ್ ಸಮೇತ. ಕಂಬದಿಂದ ಕಂಬಕ್ಕೆ ಸೀರಿಯಲ್ ಸೆಟ್ಟು, ನಡುವೆ ಹುಡುಗ ಹುಡುಗಿ ಹೆಸರಿನ ಮೊದಲಕ್ಷರ ನಿಯಾನ್‌ನಲ್ಲಿ.

ನಾನು ಬಾಯಿ ಮುಚ್ಕೊಂಡು ಕೇಳ್ತಾ ಇದ್ದೆ. ಆಮೇಲೆ ಅವನು ಕಲ್ಯಾಣ ಮಂಟಪದ ಫೋಟೋ ದೊಡ್ಡದು ಮಾಡಿ, "ಈ ಪಿಲ್ಲರ್ಸ್ ತುಂಬಾ ಡಾರ್ಕ್ ಬರುತ್ತೆ ಸಾರ್ ಕ್ಯಾಮೆರಾದಲ್ಲಿ, ವೈಟ್ ಬಟ್ಟೆ ಸುತ್ತಿ ಹೂವು ಹಾಕ್ಬಿಡೋಣ" ಅಂದ.

ಹೊಯ್ಸಳ ಶೈಲಿಯ ಕೆತ್ತನೆಗೆ ಬಿಳಿ ಬಟ್ಟೆ! ಆ ಕಂಬ ಕಾಣಬಾರದು ಅಂದ್ರೆ ಇಲ್ಲಿಗೆ ಯಾಕಪ್ಪಾ ಬರ್ತೀಯ? ಬಟ್ಟೆ ಸುತ್ತಿದ ಕಂಬಗಳು ದೇವನಹಳ್ಳಿ ರಸ್ತೆಯಲ್ಲಿ ಸಾಲಾಗಿರೋ ಕನ್ವೆನ್ಷನ್ ಹಾಲ್‌ಗಳಲ್ಲಿ ಬೇಕಾದಷ್ಟಿವೆ, ಎಸಿ ಬೇರೆ ಇರುತ್ತೆ.

ಸರಿ, ನನ್ನ ಮಾತು ಬೇಡ, ಕಾನೂನು ಏನನ್ನುತ್ತೋ ಕೇಳಿಸಿಕೊಂಡು ಬರೋಣ ಅಂತ ಹೋಗಿ ವಿಚಾರಿಸಿದೆ. ಅಲ್ಲಿದ್ದವರು ಪಾಪ ಸಮಾಧಾನದಿಂದಲೇ ಹೇಳಿದ್ರು. ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಕಾಯ್ದೆ ಇದೆ, 1959ರ ನಿಯಮಗಳಿವೆ. ಸಭೆ, ಆರತಕ್ಷತೆ, ಪಾರ್ಟಿ, ಮನರಂಜನೆ ಇಂಥದ್ದಕ್ಕೆ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಸ್ಮಾರಕ ಬಳಸುವಂತಿಲ್ಲ. ರೂಢಿಯಲ್ಲಿರೋ ಧಾರ್ಮಿಕ ಆಚರಣೆಗೆ ಆ ತಡೆ ಇಲ್ಲ. ಗೊತ್ತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಒಳಗೆ ಅಡುಗೆ ಮಾಡುವಂತಿಲ್ಲ, ಊಟ ಮಾಡುವಂತಿಲ್ಲ. ವಾಹನ ನಿಲುಗಡೆ ಜಾಗದಿಂದ ಮುಂದೆ ಬರುವಂತಿಲ್ಲ. ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಅಂದ್ರೆ ಅರ್ಥ ಏನು? ಹಿರಿಯರು ಮಾಡ್ಕೊಂಡು ಬಂದ ಹಾಗೆ ದೇವರ ಮುಂದೆ ಕೈ ಮುಗಿದು ಮಾಡೋದಕ್ಕೆ ದಾರಿ ಇದೆ. ಡಿಜೆಗೆ ದೆಹಲಿವರೆಗೂ ಹೋಗಿ ಬರೀಬೇಕು, ಕೊಡ್ತಾರೆ ಅನ್ನೋ ಭರವಸೆ ಇಲ್ಲ, ಕೊಡಲೂಬಾರದು.

ಇದನ್ನು ವಾಟ್ಸಾಪ್ ಗ್ರೂಪಲ್ಲಿ ಹಾಕಿದೆ. ಕನ್ನಡದಲ್ಲಿ, ಅಚ್ಚುಕಟ್ಟಾಗಿ, ಬಿಡಿಸಿ ಬಿಡಿಸಿ.

ಬಂದ ಉತ್ತರಗಳು ನೋಡಬೇಕಿತ್ತು. ಹುಡುಗನ ಸೋದರಮಾವ: "ರೂಲ್ಸ್ ಎಲ್ಲಾ ಇರುತ್ತೆ, ಅಡ್ಜಸ್ಟ್ ಮಾಡಿಸ್ಬೇಕು." ಅವರ ಚಿಕ್ಕಪ್ಪ: "ನಮ್ಮ ಕಡೆ ಎಂಎಲ್‌ಎ ಗೊತ್ತು, ಬೇಕಾ?" ರಾಜ್ಯದ ಎಂಎಲ್‌ಎ ಕೇಂದ್ರದ ಸ್ಮಾರಕದಲ್ಲಿ ಡಿಜೆ ಹಾಕಿಸ್ತಾರಂತೆ, ಆಗಲಿ ಸ್ವಾಮಿ. ಅಕ್ಕ ಮಾತ್ರ ಹೆಚ್ಚು ಮಾತಾಡ್ಲಿಲ್ಲ. ಒಂದು ಕಣ್ಣೀರಿನ ಎಮೋಜಿ, ಜೊತೆಗೆ ಅದೇ ವಿಡಿಯೋದ ಲಿಂಕು. "ಇವರಿಗೆಲ್ಲಾ ಹೆಂಗೆ ಸಿಕ್ತು ಅಂಕಲ್?" ಹೆಂಗೆ ಸಿಕ್ತು ಅಂದ್ರೆ, ನಾಲ್ಕು ಜನ ಭಕ್ತರ ಹಾಗೆ ಒಳಗೆ ಬರ್ತಾರೆ, ಬ್ಯಾಗಿಂದ ಗೌನು ತೆಗೀತಾರೆ, ಕಾವಲಿನವನು ಆ ಕಡೆ ತಿರುಗೋದನ್ನ ಕಾಯ್ತಾರೆ. ನಾನು ಮುನ್ನೂರು ಜನರನ್ನ ಹಾಗೆ ನುಗ್ಗಿಸಕ್ಕಾಗುತ್ತಾ? ಕೊನೆಗೆ ಇಡೀ ಗ್ರೂಪಿನ ತೀರ್ಪು ಏನಪ್ಪಾ ಅಂದ್ರೆ ನನಗೆ ಇನ್‌ಫ್ಲುಯೆನ್ಸ್ ಸಾಲದು. ನಮ್ಮ ಅಣ್ಣನೂ ಅದಕ್ಕೆ ಹೆಬ್ಬೆರಳು ಒತ್ತಿದಾನೆ. ಹೆಣ್ಣು ಹೆತ್ತವನು, ಬೀಗರು ಏನಂದ್ರೂ ಹೂಂ ಅನ್ನೋ ಸ್ಥಿತಿ, ಇರಲಿ.

ನಂದಿಯಲ್ಲಿರೋ ನಮ್ಮ ಪರಿಚಯದವರೊಬ್ಬರ ಮನೆ ದೇವಸ್ಥಾನಕ್ಕೆ ಹತ್ತಿರದಲ್ಲೇ ಇದೆ. ಮಗನಿಗೆ ಮಹಡಿ ಮೇಲೊಂದು ರೂಮು ಕಟ್ಟಬೇಕು ಅಂತ ಅವರಿಗೆ ಎಷ್ಟೋ ಕಾಲದಿಂದ ಆಸೆ. ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ತಗೊಂಡೇ ಕಟ್ಟಬೇಕು, ಅದೇ ಕಾಯ್ದೆಯ 2010ರ ತಿದ್ದುಪಡಿ. ಇದ್ದ ಮನೆ ರಿಪೇರಿಗೂ ಅರ್ಜಿ. ಗೊಣಗಾಡ್ತಾರೆ, ಬೈತಾರೆ, ಆದರೂ ರೂಮು ಕಟ್ಟಿಲ್ಲ. ಅವರ ಕಣ್ಣ ಮುಂದೆ ನಾನು ಲಾರಿಯಲ್ಲಿ ಕಬ್ಬಿಣ ತಂದು ಪ್ರಾಕಾರದೊಳಗೆ ಇಳಿಸಬೇಕಂತೆ, ಒಂದು ಸಂಜೆಯ ಫೋಟೋಗೆ.

ಇನ್ನು ಆ ಹಳದಿ. ನಮ್ಮನೆಯಲ್ಲಿ ಅರಿಶಿನ ಶಾಸ್ತ್ರ ಹಿತ್ತಲಲ್ಲಿ ಆಗ್ತಿತ್ತು, ಒಂದು ಮಣೆ, ಐದು ಜನ ಮುತ್ತೈದೆಯರು, ಆಮೇಲೆ ಎರಡು ಕೊಡ ನೀರು. ಈಗ ಅದು ಪುಷ್ಕರಣಿ ಮೆಟ್ಟಿಲ ಮೇಲೆ ಆಗಬೇಕು. ಶೃಂಗಿ ತೀರ್ಥ ಅದು. ನಂದಿ ಕೊಂಬಿನಿಂದ ನೆಲ ತಿವಿದು ಗಂಗೆ ತಂದ, ಪಿನಾಕಿನಿ ನದಿ ಹುಟ್ಟಿದ್ದು ಇಲ್ಲೇ ಅಂತ ನಂಬಿಕೆ. ಶಿವರಾತ್ರಿ ತೇರಿಗೆ ಬಂದ ಮುದುಕಿಯರು ಅದಕ್ಕೆ ಚಪ್ಪಲಿ ಬಿಟ್ಟು ನಮಸ್ಕಾರ ಮಾಡ್ತಾರೆ. ಅರಿಶಿನ, ಎಣ್ಣೆ ಎರಡೂ ಸೇರಿ ಕಲ್ಲಿನ ಸಂದಿಗೆ ಇಳಿದರೆ ಯಾರು ತೊಳೀತಾರೆ? ಬಟ್ಟೆಗೆ ಬಿದ್ದ ಅರಿಶಿನವೇ ಹೋಗಲ್ಲ. ಆಸಿಡ್ ಹಾಕಿ ಉಜ್ಜಿದ್ರೆ ಕಲ್ಲೇ ಹೋಗುತ್ತೆ. ಲೈಟಿನ ವೈರಿಗೆ ಒಂದು ಮೊಳೆ ಹೊಡೆದರೆ ಆ ಮೊಳೆ ತುಕ್ಕು ಹಿಡಿದು ಉಬ್ಬಿ ಕಲ್ಲು ಸೀಳುತ್ತೆ, ಅದನ್ನ ಯಾವ ಗಾರೆ ಕೆಲಸದವನೂ ಹೇಳ್ತಾನೆ. ಇವೆಂಟ್ ಮ್ಯಾನೇಜರ್‌ಗೆ ಕೇಳಿದೆ. "ಕ್ಲೀನಿಂಗ್ ನಮ್ಮ ಪ್ಯಾಕೇಜಲ್ಲಿ ಇಲ್ಲ ಸಾರ್, ಎಕ್ಸ್‌ಟ್ರಾ ಆಗುತ್ತೆ."

ಮುಹೂರ್ತ ಇಟ್ಟಿರೋದು ಭಾನುವಾರ ಬೆಳಿಗ್ಗೆ. ಭಾನುವಾರ ಬೆಳಿಗ್ಗೆ ನಂದಿ ರಸ್ತೆ ಹೇಗಿರುತ್ತೆ ಅಂತ ಬೆಂಗಳೂರಿನವರಿಗೆ ಹೇಳಬೇಕಾ? ಆ ರಸ್ತೆ ತುಂಬಿಸೋರೇ ಅವರು. ಸೂರ್ಯೋದಯ ನೋಡೋಕೆ ಹೊರಟ ಬೈಕು ಕಾರುಗಳ ಮಧ್ಯೆ ಗಂಡಿನ ದಿಬ್ಬಣ ಸಿಕ್ಕಿಕೊಂಡ್ರೆ ಪುರೋಹಿತರು ಯಾರಿಗೆ ಕಂಕಣ ಕಟ್ಟೋದು? ಇದನ್ನೂ ಗ್ರೂಪಲ್ಲಿ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ, ಸೋದರಮಾವ ಗುಡ್ ಮಾರ್ನಿಂಗ್ ಹೂವು ಕಳಿಸಿದರು.

ಮದುಮಗಳನ್ನ ಯಾರಾದರೂ ಕೇಳಿದ್ರಾ? ನಾನು ಕೇಳಿದೆ. "ಚಿಕ್ಕಪ್ಪಾ, ನನಗೆ ಬೆಳಿಗ್ಗೆ ದೇವರ ಮುಂದೆ ತಾಳಿ ಕಟ್ಟಿದ್ರೆ ಸಾಕು, ಆ ಕಿಡಿ ಹಾರೋದು ನೋಡಿದ್ರೆ ಸೀರೆಗೆ ಬೆಂಕಿ ಬೀಳುತ್ತೆ ಅಂತ ಭಯ" ಅಂದ್ಲು. ಹುಡುಗನೂ ಹೂಂ ಅಂದನಂತೆ, ಆದರೆ ಅಕ್ಕನ ಎದುರಿಗೆ ಹೇಳೋ ಧೈರ್ಯ ಇಲ್ಲವಂತೆ. ಮದುವೆ ಆಗೋರಿಬ್ಬರಿಗೂ ಬೇಡದ ಕಾರ್ಯಕ್ರಮಕ್ಕೆ ನಾನು ಓಡಾಡ್ತಾ ಇದೀನಿ.

ನಿನ್ನೆ ಛತ್ರ ಬುಕ್ ಮಾಡಿಬಂದೆ, ಯಾರನ್ನೂ ಕೇಳಲಿಲ್ಲ. ಗ್ರೂಪಲ್ಲಿ ರಸೀದಿ ಫೋಟೋ ಹಾಕಿದೆ. ಅಕ್ಕ ಗ್ರೂಪಿಂದ ಎಕ್ಸಿಟ್ ಆದರು, ಆಮೇಲೆ ಅವರಮ್ಮ ಮತ್ತೆ ಸೇರಿಸಿದರು. ಇವೆಂಟ್ ಕಂಪನಿಗೆ ಮುಂಗಡ ವಾಪಸ್ ಕೇಳಿದ್ರೆ, "ನಾನ್ ರಿಫಂಡಬಲ್ ಸಾರ್, ಬೇಕಾದ್ರೆ ಅದನ್ನ ಪ್ರೀ ವೆಡ್ಡಿಂಗ್ ಶೂಟ್‌ಗೆ ಅಡ್ಜಸ್ಟ್ ಮಾಡ್ಕೊಡ್ತೀವಿ" ಅಂತಾರೆ. ಎಲ್ಲಿ ಶೂಟ್ ಅಂತ ಕೇಳಿದೆ. ನಂದಿಯಲ್ಲೇ ಅಂತೆ, ವಾರದ ದಿನ ಬೆಳಿಗ್ಗೆ ಬೇಗ ಬಂದ್ರೆ ಯಾರೂ ಕೇಳಲ್ಲವಂತೆ.